ಬೋಟಿಗೆ ಬ್ರೇಕಿಲ್ಲ

ತುಳಸಿದಾಸ ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಕಾಲಿಟ್ಟ ಕೂಡಲೇ, ಜಗುಲಿಯಲ್ಲಿ ಕೂತಿದ್ದ ನನ್ನ ಮಗ ನಿತೇಶ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅದು ಅವನಿಗೆ ಸುಲಭದ ಕೆಲಸವಲ್ಲ. ಎಡಗಾಲು ಮಂಡಿಯಿಂದ ಕೆಳಗಿಲ್ಲ. ಕಟ್ಟಿಕೊಂಡ ಕೃತಕ ಕಾಲನ್ನು ಆಚೆ ಸರಿಸಿ, ಗೋಡೆ ಹಿಡಿದು ಎದ್ದು, ಕುರ್ಚಿ ತಿರುಗಿಸಿ, ಮತ್ತೆ ಕೂರಬೇಕು. ಅಷ್ಟೂ ಮಾಡಿದ. ಸೋದರಮಾವನ ಮುಖ ನೋಡದೇ ಇರುವುದಕ್ಕೆ ಅಷ್ಟು ಕಷ್ಟಪಡಲು ತಯಾರಿದ್ದ.

"ನಿನ್ನ ಮಗಂಗೆ ಹೇಳು ಅಕ್ಕ, ಗೋಡೆ ಬೀಳೂದಿಲ್ಲ, ಕಾಯ್ತಾ ಕೂರೂದು ಬೇಡ," ಎಂದು ತುಳಸಿದಾಸ ಚೀಲ ಇಳಿಸಿದ.

"ಆಯಿ, ಬಂದವರಿಗೆ ಕೆಲಸ ತೋರ್ಸು. ಮಾತಾಡುಕೆ ಕರೆಸಿದ್ದಲ್ಲ," ಎಂದು ಗೋಡೆಯ ಕಡೆಯಿಂದ ಉತ್ತರ ಬಂತು.

ಒಂದೂವರೆ ವರ್ಷದಿಂದ ಇಬ್ಬರ ಮಾತೂ ಹೀಗೆ ನನ್ನ ಮೂಲಕವೇ. ತುಳಸಿದಾಸ ನನ್ನ ಬೆನ್ನಿಗೆ ಹುಟ್ಟಿದ ತಮ್ಮ, ಕಾರವಾರದ ಬೈತ್ಕೋಲ್ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ನಿತೇಶ ತಾಂಡೇಲನಾಗಿ ನಡೆಸುತ್ತಿದ್ದ ಬೋಟಿನಲ್ಲಿ ಬಲೆಯ ಹಗ್ಗ ಎಳೆಯುವ ವಿಂಚ್ ಕೆಟ್ಟಾಗ ಅದನ್ನು ಸರಿ ಮಾಡಿ, ಸಮಾ ಎಳೆಯುತ್ತದೋ ಇಲ್ಲವೋ ನೋಡಲು ತಾನೂ ಒಂದು ದಿನ ಕಡಲಿಗೆ ಹೋಗಿದ್ದ. ಅವತ್ತೇ ಬಲೆ ಎಳೆಯುವಾಗ ನಿತೇಶನ ಕಾಲು ಹಗ್ಗದ ಸುತ್ತಿನಲ್ಲಿ ಸಿಕ್ಕಿತು. ವಿಂಚಿನ ಹತ್ತಿರ ನಿಂತಿದ್ದವನು ತುಳಸಿದಾಸ. ಕೂಗಿದರೂ ನಿಲ್ಲಿಸಲಿಲ್ಲ ಎಂದು ಮಗ ಹೇಳುತ್ತಾನೆ. ಹನ್ನೊಂದು ವರ್ಷ ಕಡಲಿಗೆ ಹೋದವನು ಹಗ್ಗದ ಸುತ್ತಿನೊಳಗೆ ಕಾಲಿಟ್ಟು ನಿಂತದ್ದೇಕೆ ಎಂದು ತಮ್ಮ ಕೇಳುತ್ತಾನೆ. ಇಬ್ಬರೂ ನನ್ನ ಎದುರು ಹೇಳುತ್ತಾರೆ. ನಾನು ಯಾರಿಗೂ ತೀರ್ಪು ಹೇಳಿಲ್ಲ. ಒಬ್ಬ ಹೊಟ್ಟೆಯಲ್ಲಿ ಹುಟ್ಟಿದವನು, ಇನ್ನೊಬ್ಬನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ.

ಆವತ್ತು ತುಳಸಿದಾಸನನ್ನು ಕರೆಸಿದ್ದು ಕಾರಿನ ಕೆಲಸಕ್ಕೆ. ಬೆಳಂಬಾರದ ನಮ್ಮ ಮನೆಯ ಪಕ್ಕದ ಹಂಚಿನ ಮಾಡಿನಲ್ಲಿ ನನ್ನ ಗಂಡ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಲ್ಯಾಂಡ್‌ಮಾಸ್ಟರ್ ಕಾರು ಇದೆ. ಅವರು ಹೋದ ಮೇಲೆ ಆರು ವರ್ಷ ಅದರ ಮೇಲೆ ಕೋಳಿ ಕೂರುತ್ತಿದ್ದವು. ನಿತೇಶನ ಕಾಲು ಹೋದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಕ್ಲಚ್ ಒತ್ತಲು ಎಡಗಾಲು ಬೇಕು. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಬಲಗಾಲೊಂದೇ ಸಾಕು ಎಂದು ಯಾರೋ ಹೇಳಿದರು. ಮಡಗಾಂವದ ಒಂದು ಗ್ಯಾರೇಜಿನಲ್ಲಿ, ಗುಜರಿಗೆ ಬಂದ ಜಪಾನ್ ಕಾರಿನ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಅದರೊಳಗೆ ಕೂರಿಸಿದರು. ಆದರೆ ಲ್ಯಾಂಡ್‌ಮಾಸ್ಟರಿನ ಗೇರ್ ಲಿವರ್ ಸ್ಟೀರಿಂಗಿನ ಬುಡದಲ್ಲಿತ್ತು. ಅದು ಹೊಸ ಗೇರ್‌ಬಾಕ್ಸಿಗೆ ಹೊಂದುವಂಥದ್ದಲ್ಲ. ನೆಲಕ್ಕೆ ಕೂರಿಸುವ ಬೇರೆ ಲಿವರನ್ನೇ ತರಿಸಬೇಕಾಯಿತು. ಅದು ಮುಂಬಯಿಯಿಂದ ಪಾರ್ಸೆಲ್ಲಿನಲ್ಲಿ ಬರುವ ಹೊತ್ತಿಗೆ ಕಾರು ಲಾರಿಯ ಮೇಲೆ ಮನೆಗೆ ಬಂದಾಗಿತ್ತು. ಗ್ಯಾರೇಜಿನವರು ಇನ್ನೊಮ್ಮೆ ಕಳಿಸಿ ಎಂದರು. ಇನ್ನೊಮ್ಮೆ ಲಾರಿಯ ಮೇಲೆ ಹೊತ್ತು ಒಯ್ಯುವುದು ಬೇಡವೇ ಬೇಡ ಎಂದು ನಿತೇಶ ಹಟ ಹಿಡಿದ.

ಹೊತ್ತು ಒಯ್ಯುವುದು ಎಂಬ ಮಾತೇ ಅವನಿಗೆ ಆಗದು. ಅದಕ್ಕೆ ಕಾರಣವಿದೆ.

ಸೊಸೆ ವಿನುತಾ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಅವಳ ತವರು ದೇವಬಾಗ, ಕಾಳಿ ನದಿಯ ಆಚೆ. ಮಳೆಗಾಲದಲ್ಲಿ ಹೆಣ್ಣುಮಗು ಹುಟ್ಟಿತು. ಹನ್ನೆರಡನೇ ದಿನ ಹೆಸರಿಡುವ ಬಾರಸೆಗೆ ನಾವಿಬ್ಬರೂ ರಿಕ್ಷಾದಲ್ಲಿ ಹೋದೆವು. ಅಲ್ಲಿ ಡಾಂಬರು ರಸ್ತೆಯಿಂದ ಮನೆಯ ತನಕ ಬರೀ ಹೊಯಿಗೆ, ಕಡಲ ಮರಳು. ಒದ್ದೆ ಹೊಯಿಗೆಯಲ್ಲಿ ನಿತೇಶನ ಊರುಗೋಲು ಗೇಣುದ್ದ ಇಳಿಯಿತು. ಎರಡು ಹೆಜ್ಜೆಗೆ ಬಿದ್ದ. ವಿನುತಾಳ ಅಣ್ಣ ಸೂರಜ್ ಓಡಿ ಬಂದು, ಅವನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ನೆಂಟರೆಲ್ಲ ಕೂತಿದ್ದ ಚಪ್ಪರದೊಳಗೆ ನಡೆದ. ನಡೆಯುತ್ತ, "ಆಯಿ, ತೊಟ್ಟಿಲಿಗೆ ಯಾರನ್ನ ಹಾಕೂದು? ಮಗಳನ್ನೋ, ಅಪ್ಪನ್ನೋ?" ಎಂದು ತನ್ನ ತಾಯಿಗೆ ಕೇಳಿದ. ಚಪ್ಪರವೆಲ್ಲ ನಕ್ಕಿತು. ಸೂರಜ್ ಕೆಟ್ಟವನಲ್ಲ. ಬಾಯಿ ಮಾತ್ರ ಹಾಗೆ. ಆದರೆ ಅವತ್ತು ನಿತೇಶ ಮಗುವನ್ನು ತೊಡೆಯ ಮೇಲೆ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ, ಹೆಂಡತಿಯನ್ನೂ ಮಗುವನ್ನೂ ಕರೆತರುವುದಾದರೆ ತಾನೇ ಗಾಡಿ ಓಡಿಸಿಕೊಂಡು ಹೋಗಿ ಕರೆತರುವುದು, ಇಲ್ಲದಿದ್ದರೆ ದೇವಬಾಗದ ಕಡೆ ತಲೆಹಾಕುವುದಿಲ್ಲ ಎಂದ.

ಐದನೇ ತಿಂಗಳು ಹಿಡಿಯುವ ಮೊದಲು ಮಗು ತಂದೆಯ ಮನೆಯ ಹೊಸ್ತಿಲು ದಾಟಬೇಕು. ಅದು ನಮ್ಮಲ್ಲಿ ಎರಡೂ ಕಡೆಯವರು ಬಿಡದ ರೂಢಿ. ಅದಕ್ಕೆ ಹನ್ನೊಂದು ದಿನ ಉಳಿದಿತ್ತು. ಸೂರಜ್ ಫೋನು ಮಾಡಿ, ಮುಂದಿನ ಸೋಮವಾರದೊಳಗೆ ಭಾವ ಬಾರದಿದ್ದರೆ ತಾವೇ ಒಂದು ಸುಮೋ ಮಾಡಿಕೊಂಡು ತಂಗಿಯನ್ನು ತಂದು ಬಿಡುವುದಾಗಿ ಹೇಳಿದ್ದ. ಹಾಗೆ ಬಿಟ್ಟರೆ ನಿತೇಶ ಬಾಗಿಲು ತೆಗೆಯುತ್ತಾನೋ ಇಲ್ಲವೋ ನನಗೆ ಭರವಸೆ ಇರಲಿಲ್ಲ. ಮೊಮ್ಮಗಳು ದೀಕ್ಷಾಳ ಮುಖವನ್ನು ನಾನು ನೋಡಿದ್ದು ಬಾರಸೆಯ ದಿನ ಒಂದೇ ಸಲ. ಹಾಗಾಗಿ ಮಗನನ್ನು ಕೇಳದೆ ತಮ್ಮನಿಗೆ ಫೋನು ಮಾಡಿದೆ.

ತುಳಸಿದಾಸ ಅವತ್ತು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾರಿನೊಳಗೇ ಇದ್ದ. ಮುಂದಿನ ಉದ್ದ ಸೀಟು ಬಿಚ್ಚಿ ಅಂಗಳಕ್ಕೆ ಹಾಕಿದ. ನೆಲದ ತಗಡು ಕೊರೆದು, ತೂತಿನ ಅಂಚಿಗೆ ನೀರು ಬಾರದ ಹಾಗೆ ರಬ್ಬರ್ ಕೂರಿಸಿ, ಲಿವರಿನ ಪೆಟ್ಟಿಗೆಯನ್ನು ನಾಲ್ಕು ಬೋಲ್ಟಿನಲ್ಲಿ ಬಿಗಿದ. ಬೋಲ್ಟು ಬೋಟಿಗೆ ಹಾಕುವ ತುಕ್ಕು ಹಿಡಿಯದ ಜಾತಿಯವು. ಲಿವರಿನಿಂದ ಕೆಳಗೆ ಗೇರ್‌ಬಾಕ್ಸಿನ ಕೈಗೆ ಒಂದು ಕೇಬಲ್ ಹೋಗುತ್ತದೆ. ಲಿವರ್ ಸರಿದಷ್ಟು ಕೇಬಲ್ ಎಳೆದು ಗೇರು ಬದಲಾಗುತ್ತದೆ. ಕಷ್ಟದ ಕೆಲಸವೆಂದರೆ ಆ ಕೇಬಲನ್ನು ಅಳತೆಗೆ ತರುವುದು. ಒಂದು ನೂಲಿನಷ್ಟು ತಪ್ಪಿದರೂ ಮೇಲೆ ಒಂದು ಗೇರು, ಕೆಳಗೆ ಇನ್ನೊಂದು ಗೇರು. ಅವನು ಕಾರಿನ ಅಡಿಗೆ ಅಂಗಾತ ಮಲಗಿ, "ಸರ್ಸು ಅಕ್ಕ," ಎಂದಾಗಲೆಲ್ಲ ನಾನು ಮೇಲೆ ಕೂತು ಲಿವರ್ ಸರಿಸಿದೆ. ಅನ್ನಕ್ಕೆ ಇಟ್ಟು ಬಂದಿದ್ದೆ, ನಡುವೆ ಎರಡು ಸಲ ಓಡಿ ಹೋಗಿ ಸೌದೆ ಹಿಂದೆ ಎಳೆದು ಬಂದೆ.

ಲಿವರಿನ ಪಕ್ಕದಲ್ಲಿ ಅಕ್ಷರ ಬರೆದ ಪಟ್ಟಿ ಇತ್ತು. ಎಲ್ಲಕ್ಕಿಂತ ಮುಂದೆ ಗಾಡಿ ನಿಲ್ಲಿಸಿಡುವ ಸ್ಥಾನ, ಅದರ ಹಿಂದೆ ರಿವರ್ಸು, ಆಮೇಲೆ ನ್ಯೂಟ್ರಲ್ಲು, ಆಮೇಲೆ ಮುಂದೆ ಹೋಗುವ ಗೇರುಗಳು. ಅಂದರೆ ಗಾಡಿ ಮುಂದೆ ಹೋಗಬೇಕಾದರೆ ಲಿವರನ್ನು ಹಿಂದಕ್ಕೆ ಎಳೆಯಬೇಕು. ತುಳಸಿದಾಸ ಅದನ್ನು ಬಹಳ ಹೊತ್ತು ನೋಡಿದ. ಪಾರ್ಸೆಲ್ಲಿನಲ್ಲಿ ಬಂದ ಕಾಗದದ ಚಿತ್ರವನ್ನೂ ನೋಡಿದ. ಚಿತ್ರದಲ್ಲಿ ಡ್ರೈವರು ಎಡಗಡೆ ಕೂತಿದ್ದ.

"ಅದ್ಕೇ," ಎಂದ ನನಗೆ. "ಆ ದೇಶದಲ್ಲಿ ಎಲ್ಲಾ ಉಲ್ಟಾ ಅಕ್ಕ. ರಸ್ತೆಯಲ್ಲೂ ಬಲಗಡೇಲೇ ಹೋತಾರೆ. ಲಿವರೂ ಉಲ್ಟಾ ಇಟ್ಕಂಡಾರೆ."

ಲಿವರಿಗೆ ಕೇಬಲ್ ಸಿಕ್ಕಿಸಲು ಕೀಲಿನ ಮೇಲೊಂದು, ಕೆಳಗೊಂದು ತೂತು ಇದ್ದವು. ಅವನು ಕೇಬಲನ್ನು ಕೆಳಗಿನಿಂದ ಬಿಚ್ಚಿ ಮೇಲಿನದಕ್ಕೆ ಹಾಕಿದ. ಈಗ ಮುಂದೆ ಒತ್ತಿದರೆ ಮುಂದೆ, ಹಿಂದೆ ಎಳೆದರೆ ಹಿಂದೆ, ಬೋಟಿನಲ್ಲಿ ಇರುವ ಹಾಗೆ. ಅಕ್ಷರದ ಪಟ್ಟಿಯನ್ನು ಕಿತ್ತು, ಬೋಟಿಗೆ ಹೆಸರು ಬರೆಯುವ ಬಿಳಿ ಬಣ್ಣದಲ್ಲಿ ಮುಂದೆ, ಹಿಂದೆ ಎಂದು ಕನ್ನಡದಲ್ಲೇ ಬರೆದ. ಅಕ್ಷರ ಚೆಂದವಾಗಿದ್ದವು.

ಅವನು ಕೈ ತೊಳೆಯಲು ಬಾವಿಕಟ್ಟೆಗೆ ಹೋದಾಗ ನಿತೇಶ ಗೋಡೆ ಬಿಟ್ಟು ಎದ್ದು ಬಂದ. ಕಾರಿನೊಳಗೆ ಇಣುಕಿ, ಬಿದ್ದಿದ್ದ ಕಾಗದ ಎತ್ತಿಕೊಂಡು, ಅದರ ಇಂಗ್ಲಿಷನ್ನು ಬೆರಳಿಟ್ಟು ನಿಧಾನಕ್ಕೆ ಓದಿದ. ಪಿಯುಸಿವರೆಗೆ ಕಲಿತವನು. ಓದುತ್ತ ಓದುತ್ತ ಅವನ ಕಿವಿ ಕೆಂಪಾಯಿತು.

"ಆಯಿ, ಅವಂಗೆ ಕೇಳು. ಒಂದು ಕಾಲು ತೆಗೆದದ್ದು ಸಾಕಾಗ್ಲಿಲ್ವಾ?"

ತುಳಸಿದಾಸ ಬಾವಿಯ ಹತ್ತಿರವೇ ನಿಂತ. ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಅಂಗಳ ಅಷ್ಟು ದೊಡ್ಡದಲ್ಲ.

ಆಮೇಲೆ ಇಬ್ಬರೂ ನನ್ನ ಎರಡು ಕಿವಿಗೆ ಹೇಳಿಕೊಂಡದ್ದು ಹೀಗೆ. ಕಾರಿನ ಗೇರು ಜಗತ್ತಿನಲ್ಲೆಲ್ಲ ಒಂದೇ ಕ್ರಮ, ಎಡಗಡೆ ಕೂತರೂ ಬಲಗಡೆ ಕೂತರೂ ಬದಲಾಗುವುದಿಲ್ಲ, ಓದಲು ಬಾರದಿದ್ದರೆ ಓದಲು ಬರುವವರನ್ನು ಕೇಳಬೇಕು ಎಂದು ಮಗ. ಹನ್ನೊಂದು ವರ್ಷ ಬೋಟಿನ ಲಿವರ್ ಹಿಡಿದ ಕೈ ಅದು, ಗಾಬರಿ ಬಿದ್ದಾಗ ಕೈ ಕಾಗದ ಓದುವುದಿಲ್ಲ ಎಂದು ತಮ್ಮ. ತಾನು ಗಾಬರಿ ಬೀಳುವವನಲ್ಲ, ಗಾಬರಿ ಬಿದ್ದು ವಿಂಚ್ ನಿಲ್ಲಿಸಲು ಮರೆತವರು ಬೇರೆ ಇದ್ದಾರೆ ಎಂದು ಮಗ. ತುಳಸಿದಾಸ ಸ್ಪ್ಯಾನರ್ ಎತ್ತಿಕೊಂಡ. ಊಟವನ್ನೂ ಮಾಡಲಿಲ್ಲ. ಮತ್ತೆ ಕಾರಿನ ಅಡಿಗೆ ಮಲಗಿ, ಕೇಬಲನ್ನು ಕೆಳಗಿನ ತೂತಿಗೆ ಹಾಕಿ, ಕಾಗದದಲ್ಲಿದ್ದ ಹಾಗೆ ಪ್ರತಿಯೊಂದು ಗೇರಿನ ಟಿಕ್ ಸದ್ದು ಕೇಳಿ ಅಳತೆ ಮಾಡಿ, ಬಿಳಿ ಅಕ್ಷರಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಪಟ್ಟಿಯನ್ನು ವಾಪಸು ಅಂಟಿಸಿ, ಸಂಜೆಯ ಬಸ್ಸು ಹಿಡಿದ.

ಮರುದಿನ ಬೆಳಿಗ್ಗೆ ಅವನೇ ಬಂದ. ಬರಲೇಬೇಕಿತ್ತು. ನಿತೇಶನ ಹತ್ತಿರ ಇದ್ದದ್ದು ಹೊಸದಾಗಿ ಮಾಡಿಸಿದ ಕಲಿಯುವವರ ಲೈಸೆನ್ಸು. ಪಕ್ಕದಲ್ಲಿ ಪೂರಾ ಲೈಸೆನ್ಸು ಇದ್ದವರು ಕೂರಬೇಕು. ನಮ್ಮ ಕಡೆಯಲ್ಲಿ ಅದು ಇದ್ದದ್ದು ತುಳಸಿದಾಸನ ಹತ್ತಿರ ಮಾತ್ರ. ಇಬ್ಬರೂ ಒಂದೇ ಸೀಟಿನ ಎರಡು ತುದಿಯಲ್ಲಿ ಕೂತು, ಒಬ್ಬ ಬಲಗಡೆಯ ಕಿಟಕಿಯನ್ನು, ಇನ್ನೊಬ್ಬ ಎಡಗಡೆಯ ಕಿಟಕಿಯನ್ನು ನೋಡಿದರು.

ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಮಾಡಿನಿಂದ ಹೊರಗೆ ಬರುವಾಗ ಎಡಗಡೆಯ ಕಂಬ ತಾಗಬಾರದೆಂದು ನಾನು ಮುಂದೆ ನಿಂತು, ಬಾ, ಬಾ, ಎಂದು ಕೈ ಮಾಡಿದೆ. ಇನ್ನೊಂದು ಕೈಯಲ್ಲಿ ಬಟ್ಟೆಯ ಬಕೆಟ್ಟಿತ್ತು. ಕಾರು ಮೆಲ್ಲಗೆ, ಎತ್ತಿನ ಹಾಗೆ ತಲೆ ಆಡಿಸುತ್ತ ಬಂತು. ಅಂಗಳದ ನಡುವಿಗೆ ಬಂದಾಗ ಸಾಕು ಎಂದು ಕೈ ಎತ್ತಿದೆ. ನಿತೇಶ ಲಿವರನ್ನು ಹಿಂದಕ್ಕೆ ಎಳೆದದ್ದು ನನಗೆ ಕಂಡಿತು. ಕಾರು ನಿಲ್ಲಲಿಲ್ಲ. ಎಂಜಿನ್ ಗುರ್ ಎಂದಿತು. ಮುಂದಿನ ಕ್ಷಣ ಅದು ನನ್ನ ಮೇಲೆ ಹಾರಿತು. ನಾನು ಪಕ್ಕಕ್ಕೆ ಬಿದ್ದೆ. ಬಕೆಟ್ಟು ಚಿರೆಕಲ್ಲಿನ ಗೋಡೆಗೂ ಬಂಪರಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಯಿತು.

ತುಳಸಿದಾಸ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಆಮೇಲೆ ಅದೇ ಕೈಯಿಂದ ನಿತೇಶನ ಕೆನ್ನೆಗೆ ಹೊಡೆದ. ಮೂವತ್ತೊಂದು ವರ್ಷದವನಿಗೆ, ಒಂದು ಮಗುವಿನ ಅಪ್ಪನಿಗೆ. ನಿತೇಶ ಅವನ ಅಂಗಿಯ ಕುತ್ತಿಗೆ ಹಿಡಿದ. ಕಾರಿನೊಳಗೆ ಸ್ಟೀರಿಂಗು, ಲಿವರು, ಕೃತಕ ಕಾಲು ಎಲ್ಲದರ ನಡುವೆ ಇಬ್ಬರೂ ಗುದ್ದಾಡಿದರು. ಬಿಡಿಸಲು ನಾನು ಹೋಗಲಿಲ್ಲ. ಮೊಣಕೈ ತರಚಿತ್ತು. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ನೆಲದಿಂದ ಎತ್ತಿದೆ. ನಾನು ಕೂಗದೆ ಬಟ್ಟೆ ಹೆಕ್ಕುವುದನ್ನು ನೋಡಿ ಅವರೇ ನಿಂತರು.

ಮೊದಲು ಬಾಯಿಬಿಟ್ಟವನು ನಿತೇಶ. ನನ್ನನ್ನು ನೋಡದೆ, ಲಿವರ್ ಸರಿ ಕೂರಿಸಿಲ್ಲ, ಎಳೆದರೆ ಹಿಡಿಯುವುದಿಲ್ಲ ಎಂದ. ತುಳಸಿದಾಸ ತಾನು ನಿನ್ನೆಯೇ ಹೇಳಿದ್ದೆ ಎಂದ.

ನಾನು ಹುಟ್ಟಿದ್ದು ಬೈತ್ಕೋಲಿನಲ್ಲಿ. ಬೋಟು ಬಂದರಿನ ಕಟ್ಟೆಗೆ, ದಕ್ಕೆಗೆ, ಬರುವುದನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ. ಬೋಟಿಗೆ ಬ್ರೇಕಿಲ್ಲ. ದಕ್ಕೆ ಹತ್ತಿರ ಬಂದಾಗ ತಾಂಡೇಲ ಲಿವರನ್ನು ಹಿಂದಕ್ಕೆ ಎಳೆದು ಜೋರಾಗಿ ರೇಸ್ ಕೊಡುತ್ತಾನೆ. ಹಿಂದೆ ನೊರೆ ಏಳುತ್ತದೆ, ಬೋಟು ಮುಗ್ಗರಿಸಿದ ಹಾಗೆ ನಿಲ್ಲುತ್ತದೆ. ನನ್ನ ಮಗ ಅದನ್ನೇ ಮಾಡಿದ್ದ. ನಿಲ್ಲಿಸಲೆಂದು ಹಿಂದಕ್ಕೆ ಎಳೆದ, ನಿಲ್ಲಿಸಲೆಂದು ರೇಸ್ ಕೊಟ್ಟ. ಕಾರಿಗೆ ಅದು ಮುಂದೆ ನುಗ್ಗುವ ಆಜ್ಞೆ. ಬ್ರೇಕು ಅವನ ಪಾದದಿಂದ ನಾಲ್ಕು ಬೆರಳು ಆಚೆ ಇತ್ತು. ಪಾದ ಆ ಕಡೆ ಹೋಗಲೇ ಇಲ್ಲ.

ಅದನ್ನು ಹೇಳಿದೆ. ಆಮೇಲೆ, ಒಂದೂವರೆ ವರ್ಷದಲ್ಲಿ ಮೊದಲ ಸಲ, ಇಬ್ಬರಿಗೂ ಒಂದೇ ವಿಚಾರ ಬಂತು. ಕೇಬಲನ್ನು ಮತ್ತೆ ಮೇಲಿನ ತೂತಿಗೆ ಹಾಕುವುದು, ಬೋಟಿನ ಹಾಗೆಯೇ ಮಾಡುವುದು. ತುಳಸಿದಾಸ ಚೀಲ ಬಿಚ್ಚಿ ಸ್ಪ್ಯಾನರ್ ತೆಗೆದ. ನಿತೇಶ ಅವನಿಗೆ ಕೂರಲು ಜಾಗ ಬಿಟ್ಟ. ಅವರು ಹೀಗೆ ಒಂದಾಗಲಿ ಎಂದು ನಾನು ಎಷ್ಟು ದೇವರಿಗೆ ಬೇಡಿಕೊಂಡಿದ್ದೆ. ಆದರೂ ಆ ಸ್ಪ್ಯಾನರನ್ನು ತುಳಸಿದಾಸನ ಕೈಯಿಂದ ಕಿತ್ತುಕೊಂಡೆ.

"ಮುಟ್ಟೂಕಿಲ್ಲ," ಎಂದೆ. "ಹೈವೇಲಿ ಎದುರಿಗೆ ಲಾರಿ ಬಂದಾಗ ರಿವರ್ಸಿಗೆ ಎಳೀತ್ಯಾ ನೀನು? ನಾ ಇದ್ರಲ್ಲಿ ಮೊಮ್ಮಗಳನ್ನ ಕೂರ್ಸೂಕಿದೆ. ಕಲೀಬೇಕಾದದ್ದು ಕಾಲು. ಲಿವರಲ್ಲ."

ಸೂರಜ್ ಹೇಳಿದ ಸೋಮವಾರಕ್ಕೆ ಎಂಟು ದಿನ ಬಾಕಿ ಇತ್ತು. ಅಷ್ಟರಲ್ಲಿ ಹನ್ನೊಂದು ವರ್ಷದ ಕೈಯನ್ನು ಮರೆಸುವುದು ಹೇಗೆ ಎಂದು ನಿತೇಶ ಗೋಡೆಗೆ ಕೇಳಿದ. ಉತ್ತರ ತುಳಸಿದಾಸನಿಂದ ಬಂತು, ಮಾತಿನಲ್ಲಿ ಅಲ್ಲ. ಮರುದಿನ ಕಾರಿನಲ್ಲಿ ಕೂತು, ನಿತೇಶ ಲಿವರನ್ನು ಮುಂದೆ ಹೋಗುವ ಗೇರಿಗೆ ಹಾಕಿದ ಕೂಡಲೇ, ಅದರ ತಲೆಯ ಮೇಲೆ ತನ್ನ ಬಲಗೈ ಇಟ್ಟು ಒತ್ತಿ ಹಿಡಿದ.

"ಕೈ ತೆಗೀಲಿ ಹೇಳು ಆಯಿ."

"ತೆಗೀಲಿಕ್ಕಿಲ್ಲ ಹೇಳು ಅಕ್ಕ."

ನಾನು ಹಿಂದಿನ ಸೀಟಿನಲ್ಲಿ ಬಸಳೆ ಸೋಸುತ್ತ ಕೂತೆ. ಮೊದಲ ದಿನ ಬೆಳಂಬಾರದ ಒಳರಸ್ತೆಯಲ್ಲಿ ಒಂದು ನಾಯಿ ಅಡ್ಡ ಬಂತು. ನಿತೇಶನ ಎಡಗೈ ಲಿವರಿಗೆ ಹಾರಿ ತುಳಸಿದಾಸನ ಕೈಯ ಮೇಲೆ ಬಿತ್ತು. ಉಗುರು ತಾಗಿ ರಕ್ತ ಬಂತು. ತುಳಸಿದಾಸ ಕೈ ಅಲುಗಿಸಲಿಲ್ಲ. ಎಳೆಯಲು ಏನೂ ಇಲ್ಲವಾದಾಗ ನಿತೇಶನ ಪಾದ ಬ್ರೇಕು ಹುಡುಕಿತು. ತಡವಾಗಿ ಹುಡುಕಿತು. ಆದರೆ ನಾಯಿ ಬೆಳಂಬಾರದ್ದು, ತಾನೇ ತಪ್ಪಿಸಿಕೊಂಡಿತು. ಎರಡನೇ ದಿನ ಅಂಕೋಲೆಯ ಬಸ್ ಸ್ಟ್ಯಾಂಡಿನ ಎದುರು ನಾಲ್ಕು ಸಲ ಕೈ ಹಾರಿತು. ಮೂರನೇ ದಿನ ತುಳಸಿದಾಸ ಕೈಗೆ ಹಳೆಯ ಲುಂಗಿಯ ಚೂರು ಸುತ್ತಿಕೊಂಡು ಬಂದ. ಅದನ್ನು ನೋಡಿ ನಿತೇಶ ಬೈದ, ಅವನೂ ಬೈದ. ದಾರಿಯುದ್ದಕ್ಕೂ ಇಬ್ಬರೂ ಬೈದುಕೊಂಡೇ ಹೋದರು, ಬೊಬ್ರುವಾಡದಿಂದ ಅವರ್ಸೆಯವರೆಗೆ. ಹಗ್ಗದ ಸುತ್ತು, ವಿಂಚು, ಯಾರು ಮೊದಲು ಕೂಗಿದ್ದು, ಯಾರು ಯಾವ ಕಡೆ ಮುಖ ಮಾಡಿ ನಿಂತಿದ್ದರು, ಎಲ್ಲ ಹೊರಬಂತು. ಎಷ್ಟೋ ಹೊತ್ತಿನ ಮೇಲೆ ನನಗೆ ಗೊತ್ತಾಯಿತು, ಅವರು ನನ್ನ ಮೂಲಕ ಹೇಳುವುದನ್ನು ಬಿಟ್ಟಿದ್ದರು. ನೇರವಾಗಿ ಬೈಯುತ್ತಿದ್ದರು.

ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಬಸಳೆ ಸೋಸುವುದು ಮುಗಿದಿತ್ತು. ಹೊರಗೆ ನೋಡುತ್ತ ಕೂತೆ.

ಸೋಮವಾರ ಬೆಳಿಗ್ಗೆ ಹೊರಟೆವು. ಬಿಣಗಾ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದಾಗ ನಿತೇಶ ಬ್ರೇಕಿನ ಮೇಲೆ ಕಾಲಿಟ್ಟು ಮೆಲ್ಲಗೆ ಇಳಿಸಿದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ತುಳಸಿದಾಸನ ಕೈ ಲಿವರಿನ ಮೇಲೇ ಇತ್ತು, ಆದರೆ ಕಾರವಾರ ದಾಟಿ ಕಾಳಿ ಸೇತುವೆ ಹತ್ತುವವರೆಗೆ ಅದರ ಮೇಲೆ ಇನ್ನೊಂದು ಕೈ ಬೀಳಲಿಲ್ಲ. ಸದಾಶಿವಗಡದಿಂದ ಎಡಕ್ಕೆ ತಿರುಗಿ, ಗಾಳಿಮರಗಳ ನಡುವಿನ ರಸ್ತೆಯಲ್ಲಿ ಬೀಗರ ಮನೆಯ ಎದುರು ಬಂದು ಕಾರು ನಿಂತಾಗ ಹನ್ನೊಂದು ಗಂಟೆ.

ರಸ್ತೆಯಿಂದ ಮನೆಯ ಮೆಟ್ಟಿಲಿಗೆ ನಲವತ್ತು ಹೆಜ್ಜೆ. ನಲವತ್ತೂ ಹೊಯಿಗೆ.

ನಾನು ಇಷ್ಟು ದಿನ ಬ್ರೇಕು, ಲಿವರು, ಲಾರಿ ಎಲ್ಲವನ್ನೂ ಯೋಚಿಸಿದ್ದೆ. ಆ ನಲವತ್ತು ಹೆಜ್ಜೆಯನ್ನು ಮರೆತಿದ್ದೆ. ನಿತೇಶ ಮರೆತಿರಲಿಲ್ಲವೆಂದು ಅವನ ಮುಖ ನೋಡಿ ಗೊತ್ತಾಯಿತು. ಅಳಿಯನಾದವನು ಒಳಗೆ ಬಂದು, ಮಣೆಯ ಮೇಲೆ ಕೂತು, ಅತ್ತೆಯ ಮಡಿಲಿನಿಂದ ಮಗುವನ್ನು ತನ್ನ ಮಡಿಲಿಗೆ ತೆಗೆದುಕೊಂಡ ಮೇಲೆಯೇ ಬಾಣಂತಿ ಏಳುವುದು. ಜಗುಲಿಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ವಿನುತಾ ಬಾಗಿಲಿನ ಹತ್ತಿರ ಹಸಿರು ಸೀರೆಯಲ್ಲಿ ಕಂಡಳು. ಸೂರಜ್ ಲುಂಗಿ ಮೇಲೆ ಕಟ್ಟಿಕೊಳ್ಳುತ್ತ ಮೆಟ್ಟಿಲಿಳಿದು ಬಂದ.

"ಬಾ ಭಾವ," ಎಂದು ಕಿಟಕಿಯ ಹತ್ತಿರ ಬಗ್ಗಿದ. "ಎತ್ಕಂಡು ಹೋಗ್ಲಾ? ಈ ಸಲ ತೊಟ್ಟಿಲು ಖಾಲಿ ಇದೆ."

ನಿತೇಶ ಅವನ ಮುಖ ನೋಡಿದ. ಮಗ ಬಾಗಿಲಿನ ಹಿಡಿಗೆ ಕೈ ಹಾಕುತ್ತಾನೆ, ಬೀಳುತ್ತಾನೆ ಎಂದುಕೊಂಡೆ. ಅವನು ಬಾಗಿಲು ಮುಟ್ಟಲಿಲ್ಲ.

"ಮಾಮ," ಎಂದ, ಮುಂದೆ ನೋಡುತ್ತಲೇ. "ಹೊಯಿಗೇಲಿ ಹೋತದಾ ಇದು?"

ತುಳಸಿದಾಸ ಕಿಟಕಿಯಿಂದ ತಲೆ ಹಾಕಿ ನೆಲ ನೋಡಿದ. ಬೋಟುಗಳನ್ನು ದಡಕ್ಕೆ ಎಳೆದು ಬೆಳೆದವನು, ಯಾವ ಹೊಯಿಗೆ ಎಷ್ಟು ಭಾರ ತಡೆಯುತ್ತದೆ ಎಂದು ಬಣ್ಣ ನೋಡಿ ಹೇಳುವವನು. "ಹೋಗೂಕೆ ಹೋತದೆ," ಎಂದ. "ಹಿಂದೆ ಬರೂದು ದೇವರಿಗೇ ಗೊತ್ತು. ಲಿವರ್ ಪೂರಾ ಹಿಂದೆ ಎಳಿ, ಕಡೇ ಗೇರಿಗೆ. ನಡೂ ನಿಲ್ಬೇಡ. ಬ್ರೇಕ್ ಮುಟ್ಟಿದ್ರೆ ಹುಗೀತದೆ. ಏನು ಕಂಡ್ರೂ ಬ್ರೇಕ್ ಮುಟ್ಬೇಡ."

ಹೀಗೆ ಹೇಳಿ ಲಿವರಿನಿಂದ ಕೈ ತೆಗೆದ.

ಸೂರಜ್ ಬೇಡ, ಬೇಡ ಎನ್ನುತ್ತ ಪಕ್ಕಕ್ಕೆ ಹಾರಿದ. ಕಾರು ರಸ್ತೆ ಬಿಟ್ಟು ಹೊಯಿಗೆಗೆ ಇಳಿಯಿತು. ಒಣಗಲು ಹಾಕಿದ್ದ ಮೀನಿನ ಚಾಪೆಯ ಒಂದು ಮೂಲೆ ಚಕ್ರದಡಿ ಹೋಯಿತು, ಬೀಗಿತಿ ಶಾಪ ಹಾಕಿದ್ದು ಕೇಳಿಸಿತು. ಎಂಜಿನ್ ಕಿರುಚಿತು, ಹಿಂದಿನ ಚಕ್ರ ಹೊಯಿಗೆ ಎರಚಿತು, ಕಾರು ಹಾವಿನ ಹಾಗೆ ಅತ್ತಿತ್ತ ಹೊರಳಿ ಹೊರಳಿ ಹೋಗಿ ಜಗುಲಿಯ ಮೆಟ್ಟಿಲಿಗೆ ಒರಗಿದ ಹಾಗೆ ನಿಂತಿತು. ನಿಂತದ್ದೇ ತಡ, ಹಿಂದಿನ ಎರಡೂ ಚಕ್ರ ಅರ್ಧಕ್ಕೆ ಹುಗಿದವು.

ನಿತೇಶ ಎಂಜಿನ್ ನಿಲ್ಲಿಸಿದ. ಬಾಗಿಲು ತೆಗೆದ. ಬಲಗಾಲು ನೇರವಾಗಿ ಕಲ್ಲಿನ ಮೆಟ್ಟಿಲಿನ ಮೇಲಿಟ್ಟ. ಕಂಬ ಹಿಡಿದು, ಎಡಗಾಲು ಎಳೆದುಕೊಂಡು, ಒಳಗೆ ಹೋದ. ಹೊಯಿಗೆ ತುಳಿಯಲಿಲ್ಲ.

ಅವನ ಮಡಿಲಿಗೆ ಮಗು ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಅವನು ಅಳಲಿಲ್ಲ. ಮಗುವೇ ಅತ್ತಿತು, ಅವನ ಕೈಯಲ್ಲಿ ಗ್ರೀಸಿನ ವಾಸನೆ ಇದ್ದಿರಬೇಕು. ಬೀಗಿತಿ ಚಾಪೆಯ ಮೀನು ಹಾಳಾದ ಸಿಟ್ಟಿನಲ್ಲೇ ಪಾಯಸ ಬಡಿಸಿದಳು. ಸೂರಜ್ ಮೂಲೆಯಲ್ಲಿ ಕೂತು ಉಂಡ. ಎಲೆ ತೆಗೆಯುವಾಗ ಮಾತ್ರ ನನ್ನ ಹತ್ತಿರ ಬಂದು, ಬಾರಸೆಯ ದಿನ ತಾನು ತಮಾಷೆಗೆ ಅಂದದ್ದು ಎಂದ. ತಮಾಷೆ ಅಂದವರಿಗೆ ನೆನಪಿರುವುದಕ್ಕಿಂತ ಕೇಳಿಸಿಕೊಂಡವರಿಗೆ ಹೆಚ್ಚು ನೆನಪಿರುತ್ತದೆ ಎಂದು ನಾನು ಹೇಳಿದೆ. ಅವನು ತಲೆ ತಗ್ಗಿಸಿದ್ದು ನಾಚಿಕೆಗೋ ಸಿಟ್ಟಿಗೋ ಗೊತ್ತಾಗಲಿಲ್ಲ.

ಹೊರಡುವಾಗ ಕಾರನ್ನು ಹೊಯಿಗೆಯಿಂದ ಎತ್ತಬೇಕಾಯಿತು. ಕೇರಿಯ ಗಂಡಸರೆಲ್ಲ ಬಂದರು. ಬೋಟು ಎಳೆಯಲು ಅಡಿಗೆ ಹಾಸುವ ಹಲಗೆಗಳನ್ನು ತಂದು ಚಕ್ರಗಳಿಗೆ ಕೊಟ್ಟರು. ನಿತೇಶ ಸ್ಟೀರಿಂಗಿನ ಮುಂದೆ ಕೂತ. ಪಕ್ಕದಲ್ಲಿ ವಿನುತಾ ಮಗುವನ್ನು ಎತ್ತಿಕೊಂಡು ಕೂರುವಾಗ, ಗಾಡಿ ರಸ್ತೆಗೆ ಹೋದ ಮೇಲೆ ಹತ್ತಬಹುದಲ್ಲ ಎಂದು ಅವಳ ತಾಯಿ ಹೇಳಿದಳು. ತಾನು ಇಲ್ಲಿಂದಲೇ ಹೋಗುವುದು ಎಂದು ವಿನುತಾ ಬಾಗಿಲು ಹಾಕಿಕೊಂಡಳು. ಇದ್ದ ಆರು ಗಂಡಸರು ಸಾಲಲಿಲ್ಲ. ತುಳಸಿದಾಸ ಒಂದು ಮೂಲೆಗೆ ಹೆಗಲು ಕೊಟ್ಟ. ಇನ್ನೊಂದು ಮೂಲೆ ಖಾಲಿ ಇತ್ತು. ಎಲ್ಲರೂ ಸೂರಜನನ್ನು ನೋಡಿದರು. ಅವನು ಲುಂಗಿ ಎತ್ತಿ ಕಟ್ಟಿ ಬಂದು, ಭಾವ ಕೂತ ಕಾರಿಗೆ ಕೈ ಕೊಟ್ಟ.

"ಹೈಸಾ" ಎಂದು ತುಳಸಿದಾಸ ಕೂಗಿದ. ದೋಣಿಗೆ ಕೂಗುವ ಹಾಗೆಯೇ ಎಲ್ಲರೂ ದನಿಗೂಡಿಸಿದರು. ನಾನು ಜಗುಲಿಯಲ್ಲಿ ಬೀಗಿತಿಯ ಪಕ್ಕ ನಿಂತು ನೋಡಿದೆ. ಎರಚಿದ ಹೊಯಿಗೆಯೆಲ್ಲ ಸೂರಜನ ಮುಖಕ್ಕೆ, ತಲೆಗೆ, ಬಾಯಿಗೆ ಬಿತ್ತು. ಅವನು ಉಗುಳುತ್ತ ತಳ್ಳಿದ. ನಿತೇಶ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಆದರೆ ವಿನುತಾ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಣ್ಣಾ, ಸಮಾ ತಳ್ಳು. ಉಂಡದ್ದೆಲ್ಲ ಎಲ್ಲಿ ಹೋತು?" ಎಂದಳು. ಕೇರಿಯವರು ನಕ್ಕರು, ತಳ್ಳುತ್ತಲೇ ನಕ್ಕರು.

ಕಾರು ರಸ್ತೆಗೆ ಹತ್ತಿ, ಹದಿನೈದು ಮಾರು ಹೋಗಿ ನಿಂತಿತು. ಹಾರ್ನ್ ಹೊಡೆಯಿತು. ತುಳಸಿದಾಸ ಹೊಯಿಗೆ ಕೊಡವಿಕೊಳ್ಳುತ್ತ ನಿಧಾನಕ್ಕೆ ನಡೆದ, ಬೇಕೆಂದೇ ನಿಧಾನಕ್ಕೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಮಗ ಕಿಟಕಿಯ ಒಳಗೆ ಕೂತು, ತಮ್ಮ ಹೊರಗೆ ನಿಂತು, ಕಡೇ ಗೇರಿನಲ್ಲಿ ಅಷ್ಟು ರೇಸ್ ಕೊಟ್ಟದ್ದಕ್ಕೆ ಗೇರ್‌ಬಾಕ್ಸಿನ ಎಣ್ಣೆ ಸುಟ್ಟಿತೋ ಇಲ್ಲವೋ ಎಂದು ಜಗಳಕ್ಕೆ ಬಿದ್ದಿದ್ದರು. ವಿನುತಾ ಮಗುವನ್ನು ಎತ್ತಿಕೊಂಡು ಸೀಟಿನ ನಡುವಿಗೆ ಸರಿದು, ಕಿಟಕಿಯ ಪಕ್ಕ ಮಾಮನಿಗೆ ಜಾಗ ಮಾಡಿದಳು.

"ಅತ್ತೆ," ಎಂದಳು ನನಗೆ, "ಮನೆ ಮುಟ್ಟೂವರೆಗೂ ಹಿಂಗೇನಾ ಇವ್ರು?"

ಹೀಗೇ ಎಂದು ಹೇಳಿ, ಹಿಂದಿನ ಸೀಟಿನಲ್ಲಿ ಕೂತು ಮಗುವಿಗಾಗಿ ಕೈ ಚಾಚಿದೆ.